ಅರ್ಧ ರೊಟ್ಟಿ

ಜಯದೇವಿಗೆ ಆದದ್ದು ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ ಎಂಬುದು ಮನೆಯ ನಾಲ್ಕು ಜನರನ್ನು ಬಿಟ್ಟರೆ ಯಾರಿಗೂ ತಿಳಿದಿರಲಿಲ್ಲ. ಕೇಳಿದವರಿಗೆಲ್ಲ ಹರ್ನಿಯಾ ಎನ್ನಬೇಕೆಂದು ಆಸ್ಪತ್ರೆಗೆ ಹೊರಡುವ ಮುಂಚೆ ಆಕೆಯೇ ಎಲ್ಲರಿಂದ ಮಾತು ತೆಗೆದುಕೊಂಡಿದ್ದಳು. "ತಿಂದು ತಿಂದು ಊದಿ, ಕಡೀಕ ಹೊಟ್ಟಿ ಕೊಯ್ಸಿಕೊಂಡ್ಲು ಅಂತ ರಾಣೆಬೆನ್ನೂರಿನ ತನಕ ಸುದ್ದಿ ಹೋಗೋದು ಬ್ಯಾಡ," ಎಂದಿದ್ದಳು.

ಮಂಡಿ ಸವೆದು ಎರಡು ವರ್ಷದಿಂದ ಆಕೆ ಕುರುಬರಹಳ್ಳಿಯ ಆ ಮೊದಲ ಮಹಡಿಯ ಮನೆಯಿಂದ ಕೆಳಗಿಳಿಯುವುದೇ ಅಪರೂಪವಾಗಿತ್ತು. ಸಕ್ಕರೆ ಹತೋಟಿಗೆ ಬರುತ್ತಿರಲಿಲ್ಲ. ಇಷ್ಟು ತೂಕ ಇಟ್ಟುಕೊಂಡು ಮಂಡಿ ಬದಲಾಯಿಸುವುದಿಲ್ಲ ಎಂದು ಮೂಳೆ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಆದರೂ ಆಪರೇಷನ್ನಿಗೆ ಆಕೆ ಒಪ್ಪಿದ್ದು ಗೌರಿ ಹಬ್ಬ ಕಳೆದ ಮೇಲೆಯೇ. ಪೂಜೆಗೆಂದು ನೆಲದ ಮೇಲೆ ಕೂತವಳನ್ನು ಗಂಡ ಮಗ ಇಬ್ಬರೂ ಸೇರಿ ಎಬ್ಬಿಸಲಾಗದೆ, ಕೆಳಗಿನ ಮನೆಯ ಹುಡುಗರನ್ನು ಕರೆಯಬೇಕಾಗಿ ಬಂದಿತ್ತು.

ಗಂಡ ಚನ್ನಮಲ್ಲಪ್ಪ ಕೃಷಿ ಇಲಾಖೆಯಲ್ಲಿದ್ದು ನಿವೃತ್ತನಾದವನು. ಮಗ ನಾಗಭೂಷಣ್ ರಾಜಾಜಿನಗರದ ಬ್ಯಾಂಕೊಂದರಲ್ಲಿದ್ದ. ಸೊಸೆ ಅನಘಾ ಬಸವೇಶ್ವರನಗರದ ಶಾಲೆಯಲ್ಲಿ ಲೆಕ್ಕದ ಟೀಚರು. ಅತ್ತೆಯ ಪಥ್ಯ ನೋಡಿಕೊಳ್ಳಲು ಅವಳೇ ರಜೆ ಹಾಕಿದಳು.

ಮೊದಮೊದಲು ಬರೀ ತಿಳಿಯಾದದ್ದು. ಎಳನೀರು, ನೀರು ಮಜ್ಜಿಗೆ, ಬೇಳೆಯ ಕಟ್ಟು. ಆಮೇಲೆ ಹಾಲು, ಸೋಸಿದ ಸೂಪು, ಪ್ರೋಟೀನ್ ಪುಡಿ ಕದಡಿದ ನೀರು. ಅಷ್ಟಕ್ಕೆಲ್ಲ ಲೋಟ ದೊಡ್ಡದಾಗುತ್ತದೆಂದು ಅನಘಾ ದೇವರ ಮನೆಯಿಂದ ಪಂಚಾಮೃತದ ಬಟ್ಟಲು ತಂದಿಟ್ಟುಕೊಂಡಿದ್ದಳು.

"ಇನ್ನೊಂದು ಗುಟುಕು, ಅತ್ತೆ."

"ಹೊಟ್ಟಿ ತುಂಬೇತವ್ವ."

"ಇಷ್ಟಕ್ಕೇನಾ?"

"ಹೊಟ್ಟಿ ತುಂಬೇತಿ. ಬಾಯಿ ತುಂಬಿಲ್ಲ, ಅಷ್ಟ."

ಉಳಿದವರ ಊಟದ ಹೊತ್ತಿಗೆ ಜಯದೇವಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಂದು ದಿನ ಒಗ್ಗರಣೆಯ ಘಾಟಿಗೆ ಒಳಗಿನಿಂದ ಮೂಗು ಸೀಟುವ ಸದ್ದು ಕೇಳಿತು. ಅದು ಘಾಟಿಗೆ ಬಂದ ನೀರಲ್ಲ ಎಂದು ಅನಘಾಗೆ ಗೊತ್ತಾಯಿತು. ಅಂದಿನಿಂದ ಅವಳು ಒಗ್ಗರಣೆ ಹಾಕುವುದನ್ನೇ ಬಿಟ್ಟಳು. ಬೋಳು ಸಾರು ಎರಡು ದಿನ ಉಂಡ ನಾಗಭೂಷಣ್, "ನಾನು ಆಫೀಸ್ ಹತ್ರಾನೇ ತಿನ್ಕೋತೀನಿ," ಎಂದ. ಚನ್ನಮಲ್ಲಪ್ಪ ವಾಕಿಂಗ್ ಎಂದು ಹೊರಟು ಹಾವನೂರು ಸರ್ಕಲ್ ಬಳಿಯ ಖಾನಾವಳಿಯಲ್ಲಿ ಉಂಡು ಬರತೊಡಗಿದ. ಬಂದವನು ಬಚ್ಚಲಿಗೆ ಹೋಗಿ ಎರಡೆರಡು ಸಲ ಕೈತೊಳೆಯುತ್ತಿದ್ದ. ಆದರೂ ಜಯದೇವಿಗೆ ತಿಳಿಯುತ್ತಿತ್ತು.

"ಇವತ್ತು ಎಣ್ಣೆಗಾಯಿ ಇತ್ತೇನ್ರೀ?"

"ಹೂಂ."

"ರೊಟ್ಟಿ ತೆಳ್ಳಗ ಬಡಿದಿದ್ರೇನು?"

"ನಿನ್ನಂಗ ಯಾರು ಬಡೀತಾರ," ಎಂದು ಅವನು ಪೇಪರು ಎತ್ತಿಕೊಂಡ.

ಮೂರನೆಯ ವಾರ ರುಬ್ಬಿದ ಆಹಾರ ಶುರುವಾಯಿತು. ಹೆಸರುಬೇಳೆ, ಸೋರೆಕಾಯಿ, ಗಜ್ಜರಿ ಎಲ್ಲವನ್ನೂ ಅನಘಾ ಮೆತ್ತಗೆ ಬೇಯಿಸಿ, ಮಿಕ್ಸಿಗೆ ಹಾಕಿ, ಜರಡಿಯಲ್ಲಿ ಸೋಸುತ್ತಿದ್ದಳು. ಊಟದ ಜೊತೆ ನೀರು ಕೂಡದು, ಒಂದು ಚಮಚ ತಿಂದು ಸುಮ್ಮನೆ ಕೂರಬೇಕು, ಆಮೇಲೆ ಇನ್ನೊಂದು. ಗಡಿಯಾರ ನೋಡುತ್ತ ಅವಳು ಎದುರಿಗೆ ಕೂರುತ್ತಿದ್ದಳು. ಶಾಲೆಯಲ್ಲಿ ಪರೀಕ್ಷೆಯ ಹೊತ್ತಿಗೆ ಹೀಗೇ ಕೂರುತ್ತಾಳೇನೋ ಎಂದು ಜಯದೇವಿಗೆ ಅನ್ನಿಸುತ್ತಿತ್ತು. ಇಪ್ಪತ್ತು ಜನರ ಅಡುಗೆಯನ್ನು ಒಬ್ಬಳೇ ಮಾಡಿ ಬಡಿಸಿದವಳು, ಈಗ ಸೊಸೆಯ ಮುಂದೆ ಬಾಯಿ ತೆರೆದು ಮುಚ್ಚಬೇಕಾಗಿತ್ತು.

ಅಂಥ ಒಂದು ಮಧ್ಯಾಹ್ನ ರಾಣೆಬೆನ್ನೂರಿನಿಂದ ಅಕ್ಕ ಕಸ್ತೂರೆವ್ವನ ಫೋನು ಬಂತು.

"ಏನು ಉಂಡಿ?"

"ಬ್ಯಾಳಿ ನೀರು."

"ಇನ್ನಾ ಬ್ಯಾಳಿ ನೀರೇನು? ನಮ್ಮ ಓಣ್ಯಾಗ ಹರ್ನಿಯಾ ಆದಾಂವ ಎಂಟನೇ ದಿನಕ್ಕ ಹೋಳಿಗಿ ಉಂಡಾನ. ನಿನ್ನ ಸೊಸಿ ಉಪವಾಸ ಕೆಡವ್ಯಾಳೇನು?"

ಜಯದೇವಿ ಅಡುಗೆಮನೆಯ ಕಡೆ ನೋಡಿದಳು. ಅನಘಾ ಜರಡಿ ತೊಳೆಯುತ್ತಿದ್ದಳು. ಹಾಗಲ್ಲ ಎನ್ನಬೇಕಾದರೆ ನಿಜ ಹೇಳಬೇಕಿತ್ತು.

"ಆಕಿ ಡಾಕ್ಟರು ಹೇಳಿದಂಗ ಮಾಡ್ತಾಳ," ಎಂದಳು. ಹೇಳಿದ ಧ್ವನಿ ಮಾತ್ರ ದೂರು ಹೇಳಿದಂತಿತ್ತು. ಅದು ಕಸ್ತೂರೆವ್ವನಿಗೆ ಸಾಕಾಯಿತು.

ಆ ವಾರವೇ ಜಯದೇವಿ ಗಂಡನನ್ನು ಕೇಳಿದಳು. "ಒಂದು ರೊಟ್ಟಿ ತರ್ರೀ. ತಿನ್ನೂದಿಲ್ಲ. ಬರೇ ಬಾಯಾಗ ಇಟ್ಟು ಉಗುಳ್ತೀನಿ."

ಚನ್ನಮಲ್ಲಪ್ಪ ಬೇಡವೆಂದ. ಎರಡನೆಯ ದಿನವೂ ಬೇಡವೆಂದ. ಮೂರನೆಯ ದಿನ ಪೇಪರಿನಲ್ಲಿ ಸುತ್ತಿದ ರೊಟ್ಟಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಬಂದ. ಅನಘಾ ತರಕಾರಿಗೆ ಹೋಗಿದ್ದಾಗ, ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಜಯದೇವಿ ಒಂದು ತುಣುಕನ್ನು ಅಗಿದು ಅಗಿದು ಅದೇ ಪೇಪರಿಗೆ ಉಗುಳಿದಳು. ಗಂಡ ಗೋಡೆಯ ಕಡೆ ತಿರುಗಿ ಕೂತಿದ್ದ. ಹೀಗೆ ನಾಲ್ಕಾರು ಸಲ ನಡೆಯಿತು. ಉಗುಳಿದ್ದನ್ನು ಅವನೇ ಮಡಿಸಿ, ಬೀದಿಯ ಕೊನೆಯ ಕಸದ ಗಾಡಿಗೆ ಹಾಕಿ ಬರುತ್ತಿದ್ದ.

ಐದನೆಯ ವಾರದ ಹೊತ್ತಿಗೆ, ಇನ್ನು ಮೆತ್ತಗಿನ ಅನ್ನ ಬೇಳೆ ಹಿಸುಕಿ ಕೊಡಬಹುದು ಎಂದು ಆಸ್ಪತ್ರೆಯ ಡಯಟಿಷಿಯನ್ ಫೋನಿನಲ್ಲಿ ಒಪ್ಪಿದಳು. ಅಂದು ಬೆಳಿಗ್ಗೆ ಕರೆಂಟು ಇರಲಿಲ್ಲ. ಅನಘಾ ಅನ್ನ ಬೇಳೆ ಕುಕ್ಕರಿನಲ್ಲಿ ಮುದ್ದೆಯಾಗುವಂತೆ ಬೇಯಿಸಿ, ಸೌಟಿನಿಂದ ಮಸೆದು, ನಾಲ್ಕು ಚಮಚ ತಿನ್ನಿಸಿದಳು. ಜಯದೇವಿಗೆ ಅದು ಸಲೀಸಾಗಿ ಇಳಿಯಿತು. ಮಧ್ಯಾಹ್ನ ಅನಘಾ ರಜೆ ಮುಂದುವರಿಸುವ ಮಾತಾಡಲು ಶಾಲೆಗೆ ಹೋದಳು.

ಚನ್ನಮಲ್ಲಪ್ಪ ತಂದ ರೊಟ್ಟಿ ಆ ದಿನ ಇನ್ನೂ ಬಿಸಿಯಾಗಿತ್ತು. ಜೊತೆಗೆ ಒಂದು ಎಣ್ಣೆಗಾಯಿ ಬದನೆಯೂ ಇತ್ತು. ಜಯದೇವಿ ಮೊದಲ ತುತ್ತು ಉಗುಳಿದಳು. ಎರಡನೆಯದನ್ನು ಉಗುಳಲಿಲ್ಲ.

"ಏ, ನುಂಗಿದಿ ಏನು?"

"ಅನ್ನ ತಿಂದೀನಲ್ಲ ಮುಂಜಾನೆ. ಇದಕ್ಕೇನಾಕ್ಕತಿ."

ಅರ್ಧ ರೊಟ್ಟಿ ಮುಗಿಯಿತು. ಆಮೇಲೆ ಆಕೆ ಎದೆ ಹಿಡಿದುಕೊಂಡಳು. ಎದೆಮೂಳೆಯ ಕೆಳಗೆ ಕಲ್ಲು ಸಿಕ್ಕಿಕೊಂಡಂತಾಗಿ, ಬಾಯಲ್ಲಿ ನೊರೆ ನೊರೆಯಾಗಿ ಜೊಲ್ಲು ಬಂತು. ವಾಂತಿಯಾಯಿತು, ನಿಲ್ಲಲಿಲ್ಲ. ಸೊಸೆ ಬರುವಷ್ಟರಲ್ಲಿ ಚನ್ನಮಲ್ಲಪ್ಪ ಬೇಸಿನ್ ತೊಳೆದು ಫಿನಾಯಿಲ್ ಹಾಕಿದ್ದ.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಒಳಗೆ ಬಾವು ಬಂದಿದೆ, ಎರಡು ದಿನ ಬಾಯಿಗೆ ಏನೂ ಬೇಡ ಎಂದರು. ಡಯಟಿಷಿಯನ್ ಮಂಚದ ಬಳಿ ಬಂದು ಅನಘಾಳ ಕಡೆಗೇ ತಿರುಗಿದಳು.

"ಏನು ಕೊಟ್ರಿ ಮೇಡಂ?"

"ನೀವು ಹೇಳಿದ್ದೇ. ಅನ್ನ ಬೇಳೆ. ನಾಲ್ಕು ಚಮಚ."

"ಸರಿಯಾಗಿ ಮ್ಯಾಶ್ ಮಾಡಿದ್ರಾ?"

"ಕರೆಂಟ್ ಇರ್ಲಿಲ್ಲ. ಸೌಟಲ್ಲಿ ಮಾಡ್ದೆ. ಚೆನ್ನಾಗೇ ಆಗಿತ್ತು." ಕೊನೆಯ ಮಾತಿಗೆ ಅವಳ ಧ್ವನಿ ತಗ್ಗಿತು.

ನಾಗಭೂಷಣ್ ತಾಯಿಯ ಕಡೆ ಬಗ್ಗಿದ. "ಅವ್ವ, ಗಟ್ಟಿ ಇತ್ತಾ?"

ಜಯದೇವಿ ಗಂಡನನ್ನು ನೋಡಿದಳು. ಅವನು ಡ್ರಿಪ್ಪಿನ ಬಾಟಲಿ ನೋಡುತ್ತಿದ್ದ.

"ಕಾಳು ಕಾಳು ಇತ್ತಪ್ಪ," ಎಂದಳು.

ಅಷ್ಟೇ ಮಾತು. ಕಾರಿಡಾರಿನಲ್ಲಿ ಮಗ ಹೆಂಡತಿಯನ್ನು ಬೈದದ್ದು ಬಾಗಿಲ ಸಂದಿಯಿಂದ ಕೇಳಿಸಿತು. "ಕರೆಂಟ್ ಇಲ್ಲ ಅಂದ್ರೆ ಕೆಳಗಿನ ಮನೇಲಿ ಯುಪಿಎಸ್ ಇದೆ, ಹೋಗಿ ಮಾಡ್ಕೊಂಡು ಬರೋಕಾಗಲ್ವಾ? ಇದೊಂದು ಕೆಲಸಕ್ಕೆ ಅಂತ ರಜಾ ಹಾಕಿರೋದು ನೀನು. ಸಾಯಿಸಿಬಿಡ್ತಿದ್ದೆ ನಮ್ಮವ್ವನ್ನ." ಬೇರೆ ರೋಗಿಗಳ ಕಡೆಯವರು ನಿಂತು ನೋಡುತ್ತಿದ್ದರೆಂದು ಆಮೇಲೆ ಚನ್ನಮಲ್ಲಪ್ಪ ಹೇಳಿದ.

ಮನೆಗೆ ಬಂದ ಮೇಲೆ ಎಲ್ಲ ಮತ್ತೆ ನೀರಿನಿಂದ ಶುರುವಾಯಿತು. ಅನಘಾ ಈಗ ಸೋಸಿದ್ದನ್ನೇ ತೆಳು ಬಟ್ಟೆಯಲ್ಲಿ ಮತ್ತೆ ಸೋಸುತ್ತಿದ್ದಳು. ಒಂದು ಹನಿ ಬೆರಳಿಗೆ ಹಚ್ಚಿಕೊಂಡು ಉಜ್ಜಿ ನೋಡಿ, ನಾಲಿಗೆಗೂ ಹಚ್ಚಿಕೊಂಡು ನೋಡಿ, ಆಮೇಲೆ ಕೊಡುತ್ತಿದ್ದಳು.

"ಕಾಳು ಸಿಗ್ತಾ ಇದೆಯಾ, ಅತ್ತೆ?"

"ಇಲ್ಲವ್ವ."

"ಸಿಕ್ಕಿದ್ರೆ ಹೇಳಿ. ಬೇಜಾರ್ ಮಾಡ್ಕೊಳಲ್ಲ."

ಜಯದೇವಿ ತಲೆ ಎತ್ತುತ್ತಿರಲಿಲ್ಲ. ಮುಂಚೆ ಆಕೆಗೆ ತನ್ನ ಮೈಯ ಬಗ್ಗೆ ನಾಚಿಕೆಯಿತ್ತು. ಅದಕ್ಕೆ ದೊಡ್ಡ ಸೀರೆ, ಮುಚ್ಚಿದ ಬಾಗಿಲು, ಹರ್ನಿಯಾದ ಸುಳ್ಳು ಸಾಕಾಗುತ್ತಿತ್ತು. ಈಗ ಮೈ ಇಳಿಯುತ್ತಿತ್ತು, ರವಿಕೆ ಜೋಲುತ್ತಿತ್ತು, ಸೊಸೆ ಬಟ್ಟಲು ಹಿಡಿದು ಎದುರಿಗೆ ಕೂತರೆ ಮಾತ್ರ ಎಲ್ಲಾದರೂ ಮರೆಯಾಗಬೇಕು ಅನ್ನಿಸುತ್ತಿತ್ತು.

"ನೀವರ ಹೇಳ್ಬಹುದಿತ್ತು," ಎಂದು ಗಂಡನನ್ನು ತರಾಟೆಗೆ ತೆಗೆದುಕೊಂಡಳು.

"ಕಾಳು ಇತ್ತು ಅಂದಾಕಿ ನೀನು."

"ತಂದು ಕೊಟ್ಟಾವ್ರು ನೀವು."

"ಕೈ ಮುಗಿದು ಕೇಳಿದಾಕಿ ಯಾರು? ಈಗೇನು, ಹೋಗಿ ಹೇಳಲೇನು ಆಕಿ ಮುಂದ? ಹೇಳು, ಈಗ್ಲೇ ಹೋಗ್ತೀನಿ."

ಜಯದೇವಿ ಹೇಳಲಿಲ್ಲ. ಅವನೂ ಕೂತಲ್ಲಿಂದ ಏಳಲಿಲ್ಲ.

ಒಂದು ವಾರದ ಮೇಲೆ ಅನಘಾಗೆ ಅವಳ ತಾಯಿ ಸರ್ವಮಂಗಳಾಳ ಫೋನು ಬಂತು. ಮಾತಾಡಿ ಇಟ್ಟವಳ ಮುಖ ಬಿಳಿಚಿತ್ತು. ಸಂಜೆ ಗಂಡನೊಡನೆ ಹಾಲಿನಲ್ಲೇ ಮಾತಿಗೆ ಮಾತು ಬೆಳೆಯಿತು.

"ನಿಮ್ಮ ದೊಡ್ಡಮ್ಮ ನಮ್ಮಮ್ಮನಿಗೆ ಫೋನ್ ಮಾಡಿ, ನಾನು ಅತ್ತೆನ ಉಪವಾಸ ಹಾಕಿದೀನಿ ಅಂದಿದಾರೆ. ಹಸಿವಿಗೇ ಆಸ್ಪತ್ರೆ ಸೇರಿದ್ರಂತೆ."

"ಅವರು ವಯಸ್ಸಾದವರು, ಏನೋ ಅಂತಾರೆ. ನೀನು ಕೆಲಸ ನೆಟ್ಟಗೆ ಮಾಡಿದ್ರೆ ಮಾತು ಯಾಕೆ ಬರ್ತಿತ್ತು?"

"ನೆಟ್ಟಗೆ ಮಾಡಿಲ್ವಾ ನಾನು?"

"ಮಾಡಿದ್ರೆ ಎರಡು ದಿನ ಡ್ರಿಪ್ ಯಾಕೆ ಹಾಕ್ತಿದ್ರು ಅನಘಾ?"

ಅವಳು ಕೂಗಾಡಲಿಲ್ಲ. ಮರುದಿನ ಬೆಳಿಗ್ಗೆ ಬಟ್ಟೆಯ ಬ್ಯಾಗು ಬಾಗಿಲಲ್ಲಿಟ್ಟು, ಅತ್ತೆಯ ಕೋಣೆಗೆ ಬಂದಳು. "ಸ್ವಲ್ಪ ದಿನ ಅಮ್ಮನ ಮನೇಲಿರ್ತೀನಿ. ಹೆಸರುಬೇಳೆ ನೆನೆಸಿಟ್ಟಿದೀನಿ. ಎರಡು ಸಲ ಸೋಸೋಕೆ ಹೇಳಿ ಅವ್ರಿಗೆ. ಬಟ್ಟೆ ಕಿಟಕಿ ಹತ್ರ ಒಣಗಿಸಿದೀನಿ." ಜಯದೇವಿ ಅವಳ ಕೈ ಹಿಡಿಯಲು ಹೋದಳು. ಅನಘಾ ಆಗಲೇ ತಿರುಗಿದ್ದಳು.

ಅಪ್ಪ ಮಗ ಸೇರಿ ನಾಲ್ಕು ದಿನ ಅಡುಗೆಮನೆ ನಡೆಸಿದರು. ಬೇಳೆ ಒಂದು ದಿನ ಸೀದಿತು, ಒಂದು ದಿನ ಉಪ್ಪಾಯಿತು. ನಾಗಭೂಷಣ್ ಮಿಕ್ಸಿಯ ಮುಚ್ಚಳ ಸರಿಯಾಗಿ ಹಾಕದೆ ಗೋಡೆಯೆಲ್ಲ ಸೋರೆಕಾಯಿ ಮಾಡಿದ. ಅದನ್ನು ಒರೆಸುತ್ತ ಬಗ್ಗಿದ್ದ ಮಗನನ್ನು ಬಾಗಿಲಲ್ಲಿ ನಿಂತು ನೋಡಿದ ಜಯದೇವಿ, ನಿಂತಲ್ಲೇ ಹೇಳಿಬಿಟ್ಟಳು.

"ಅವತ್ತು ಅನ್ನದಾಗ ಕಾಳು ಇರಲಿಲ್ಲಪ್ಪ. ನಾನು ರೊಟ್ಟಿ ತಿಂದಿದ್ದೆ."

ನಾಗಭೂಷಣ್ ಬಟ್ಟೆ ಹಿಡಿದುಕೊಂಡೇ ನಿಂತ. "ಯಾವ ರೊಟ್ಟಿ?"

ಆಕೆ ಎಲ್ಲ ಹೇಳಿದಳು. ಉಗುಳಿದ್ದನ್ನೂ ಹೇಳಿದಳು. ಅವನು ಸ್ಟೂಲಿನ ಮೇಲೆ ಕುಸಿದು ಕೂತ. ಕೈಲಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟು, "ಆಯ್ತು. ನಾನು ಹೋಗಿ ಸಾರಿ ಕೇಳಿ ಕರ್ಕೊಂಡು ಬರ್ತೀನಿ. ನೀನು ಇದನ್ನ ಯಾರಿಗೂ ಹೇಳ್ಬೇಡ," ಎಂದ.

"ಯಾಕ?"

"ಬೀಗರ ಮನೇಲಿ ನಮ್ಮ ಮರ್ಯಾದೆ ಏನಾಗುತ್ತೆ ಅವ್ವ? ನಾನು ಅಷ್ಟು ಜನರ ಮುಂದೆ ಅವಳನ್ನ ಬೈದಿದೀನಿ. ತಪ್ಪು ನಿಂದು ಅಂತ ಗೊತ್ತಾದ್ರೆ ನಾನು ಅವರ ಮುಖ ಹೇಗೆ ನೋಡ್ಲಿ?"

"ಆಕಿ ಏನಂತ ತಿಳ್ಕೊಂಡಿರಬೇಕು? ತನ್ನ ಕೈಯಿಂದ ಆತು ಅಂತಾನ?"

"ಬಂದ ಮೇಲೆ ನಿಧಾನಕ್ಕೆ ಹೇಳಿದ್ರಾಯ್ತು."

"ಖರೇನ ನೀನು ನನ್ನ ಮಗ," ಎಂದಳು ಜಯದೇವಿ. ಅದು ಮೆಚ್ಚುಗೆಯ ಮಾತಾಗಿರಲಿಲ್ಲ. ಅವನಿಗೂ ಅದು ತಿಳಿದು, ಕಿವಿ ಕೆಂಪಾಯಿತು.

ಶನಿವಾರ ಜಯದೇವಿ, ಚನ್ನಮಲ್ಲಪ್ಪ ಆಟೋ ಮಾಡಿಕೊಂಡು ಅನ್ನಪೂರ್ಣೇಶ್ವರಿ ನಗರಕ್ಕೆ ಹೋದರು. ಬೀಗರ ಮನೆ ಎರಡನೆಯ ಮಹಡಿಯಲ್ಲಿತ್ತು. ಕಂಬಿ ಹಿಡಿದು, ನಡುವೆ ಎರಡು ಕಡೆ ನಿಂತು, ಜಯದೇವಿ ಹತ್ತಿದಳು. ಬಾಗಿಲು ತೆರೆದ ಸರ್ವಮಂಗಳಾ, "ಬನ್ನಿ," ಎಂದಳು, ನಗಲಿಲ್ಲ. ಅನಘಾ ನೀರು ತಂದಿಟ್ಟು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು.

ಮಾತಿಗೆ ಮುಂಚೆಯೇ ಸರ್ವಮಂಗಳಾ ತಟ್ಟೆ ಇಟ್ಟಳು. ಚಪಾತಿ, ಹುರುಳಿಕಾಯಿ ಪಲ್ಯ, ಚಿತ್ರಾನ್ನ, ಎರಡು ಹೋಳಿಗೆ. "ಊಟ ಮಾಡಿ. ಹರ್ನಿಯಾ ಆಗಿ ಎರಡು ತಿಂಗಳಾಗ್ತಾ ಬಂತು, ಇನ್ನೇನು ಪಥ್ಯ ಇರುತ್ತೆ? ನನ್ನ ಮಗಳು ನಿಮಗೆ ಹೊಟ್ಟೆಗೆ ಹಾಕಲಿಲ್ಲವಂತೆ. ನಿಮ್ಮಕ್ಕ ಫೋನ್ ಮಾಡಿ ಹೇಳಿದ್ರು. ಯಾಕೇ ಹೀಗೆ ಮಾಡ್ದೆ ಅಂತ ನಾನೂ ಬೈದೆ. ಬಾಯೇ ಬಿಡಲಿಲ್ಲ ಇವಳು."

ಜಯದೇವಿ ಸೊಸೆಯ ಕಡೆ ನೋಡಿದಳು. ಹೆತ್ತ ತಾಯಿಯಿಂದ ಬೈಸಿಕೊಂಡರೂ ಅವಳು ಆಪರೇಷನ್ ಯಾವುದೆಂದು ಹೇಳಿರಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡಿದ್ದಳು.

ಜಯದೇವಿಯ ಕೈ ತಟ್ಟೆಯ ಅಂಚಿನ ಮೇಲಿತ್ತು. "ಬೀಗ್ರ, ನನಗ ಆಗಿದ್ದು ಹರ್ನಿಯಾ ಅಲ್ಲ. ತೂಕ ಇಳಸಾಕ ಹೊಟ್ಟಿ ಸಣ್ಣದು ಮಾಡ್ಸಿಕೊಂಡೀನಿ. ಇದರಾಗಿಂದು ಒಂದೂ ನಾನು ತಿನ್ನುವಂಗಿಲ್ಲ. ನಿಮ್ಮ ಮಗಳು ನನ್ನ ಕೂಸಿನಂಗ ನೋಡಿಕೊಂಡಾಳ. ನಾ ಕದ್ದು ರೊಟ್ಟಿ ತಿಂದು ಆಸ್ಪತ್ರೆ ಸೇರಿದೆ. ಸೇರಿ, ಆಕಿ ಕೊಟ್ಟ ಅನ್ನದಾಗ ಕಾಳಿತ್ತು ಅಂತ ಸುಳ್ಳು ಹೇಳಿದೆ."

ಅನಘಾ ಮಾವನ ಕಡೆ ನೋಡಿದಳು.

"ನಿಮಗೆ ಗೊತ್ತಿತ್ತಾ, ಮಾವ?"

"ತಂದು ಕೊಟ್ಟಾವ ನಾನ, ಯವ್ವಾ," ಎಂದ ಚನ್ನಮಲ್ಲಪ್ಪ. ಕೈಯಲ್ಲಿದ್ದ ಟವೆಲನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

"ಬಟ್ಟೇಲಿ ಸೋಸ್ತಾ ಇದ್ದೆ ನಾನು," ಎಂದಳು ಅನಘಾ. "ಒಂದೊಂದು ಚಮಚಾನೂ ಬೆರಳಲ್ಲಿ ಉಜ್ಜಿ ನೋಡ್ತಿದ್ದೆ. ನೀವಿಬ್ಬರೂ ಕೂತು ನೋಡ್ತಿದ್ರಿ."

ಸರ್ವಮಂಗಳಾ ಮಗಳ ಮುಖ ನೋಡಿ, ಜಯದೇವಿಯ ಮುಂದಿನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಬರುವಾಗ ಒಂದು ಬಟ್ಟಲು ತೆಳು ಮಜ್ಜಿಗೆ ತಂದಳು. ಅನಘಾ ಕೋಣೆಯೊಳಗೆ ಹೋದವಳು, ಜಯದೇವಿ ಅದನ್ನು ಕುಡಿಯುವ ತನಕ ಹೊರಗೆ ಬರಲಿಲ್ಲ. ಹೊರಡುವಾಗ ಬಾಗಿಲಿಗೆ ಬಂದು, "ಅವರು ಬಂದು ಅಮ್ಮನ ಮುಂದೆ ಮಾತಾಡ್ಲಿ. ಆಮೇಲೆ ನೋಡ್ತೀನಿ," ಎಂದಳು. ಮೆಟ್ಟಿಲು ಇಳಿಯಲು ಅತ್ತೆಯ ತೋಳು ಹಿಡಿಯಲಿಲ್ಲ.

ನಾಗಭೂಷಣ್ ಭಾನುವಾರ ಹೋದ. ಅಲ್ಲಿ ಏನು ಮಾತಾಯಿತೆಂದು ಮನೆಯಲ್ಲಿ ಹೇಳಲಿಲ್ಲ. ಕಸ್ತೂರೆವ್ವನಿಗೆ ಜಯದೇವಿಯೇ ಫೋನು ಮಾಡಿದಳು. ಅಕ್ಕ ಮೊದಲು ನಂಬಲಿಲ್ಲ, ಆಮೇಲೆ ನಕ್ಕಳು, ಕೊನೆಗೆ ಸಿಟ್ಟಾಗಿ ಫೋನಿಟ್ಟಳು. ವಾರದೊಳಗೆ ಊರಿನಿಂದ ಇಬ್ಬರು ಫೋನು ಮಾಡಿ ಆಪರೇಷನ್ ಬಗ್ಗೆ ಕೇಳಿದರು. ಜಯದೇವಿ ಇಬ್ಬರಿಗೂ ಹೌದೆಂದಳು.

ಅನಘಾ ಬಂದದ್ದು ಆ ಬುಧವಾರ, ನೇರ ಶಾಲೆಯಿಂದ. ರಜೆ ರದ್ದು ಮಾಡಿಸಿಕೊಂಡಿದ್ದಳು. ಕಾಲು ತೊಳೆದು ಬಂದು ಹೇಳಿದಳು. "ಅತ್ತೆ, ಮನೆ ಕೆಲಸ ಎಲ್ಲಾ ಮೊದಲಿನ ಹಾಗೇ ಮಾಡ್ತೀನಿ. ನಿಮ್ಮ ಊಟ ಮಾತ್ರ ನನ್ನ ಕೈಲಿ ಬೇಡ. ಅದೊಂದು ನನಗಾಗಲ್ಲ."

"ಆತವ್ವ," ಎಂದಳು ಜಯದೇವಿ.

ಅಡುಗೆಕಟ್ಟೆಯ ಪಕ್ಕ ಒಂದು ಕುರ್ಚಿ ಹಾಕಿಸಿಕೊಂಡು ಆಕೆ ತನ್ನದನ್ನು ತಾನೇ ಬೇಯಿಸಿ, ತಾನೇ ರುಬ್ಬಿ, ತಾನೇ ಸೋಸಿಕೊಂಡಳು. ಜರಡಿಗೆ ಅಂಟಿದ್ದನ್ನು ತೊಳೆಯುವುದಕ್ಕೆ ಎಷ್ಟು ಹೊತ್ತು ಬೇಕೆಂದು ಆಗ ಗೊತ್ತಾಯಿತು. ಅನಘಾ ಅದೇ ಅಡುಗೆಮನೆಯಲ್ಲಿ ಉಳಿದವರಿಗೆ ಮಾಡುತ್ತಿದ್ದಳು. ಒಗ್ಗರಣೆ ಮತ್ತೆ ಶುರುವಾಯಿತು. ಇಬ್ಬರ ನಡುವೆ ಉಪ್ಪಿನ ಡಬ್ಬಿ, ಲೈಟರು, ಇಷ್ಟರದ್ದೇ ಮಾತು.

ಮುಂದಿನ ತಪಾಸಣೆಗೆ ಚನ್ನಮಲ್ಲಪ್ಪ ಕರೆದೊಯ್ದ. ತೂಕ ಚೆನ್ನಾಗಿ ಇಳಿದಿದೆ, ಇನ್ನು ಗಟ್ಟಿ ಆಹಾರ ಶುರು ಮಾಡಬಹುದು, ಚೂರು ಚೂರೇ, ನುಣ್ಣಗೆ ಅಗಿದು ಎಂದಳು ಡಯಟಿಷಿಯನ್. "ಸೊಸೆ ಬಂದಿಲ್ವಾ? ಈಗ ಸರಿಯಾಗಿ ಮಾಡಿಕೊಡ್ತಾರಾ?"

"ಆಕಿ ಯಾವಾಗ್ಲೂ ಸರಿಯಾಗೇ ಮಾಡಿದ್ಲು ಬಾಯಾರ. ಅವತ್ತು ನಾನು ರೊಟ್ಟಿ ತಿಂದಿದ್ದೆ. ನೀವು ಆಕಿಗೆ ಅಂದ್ರಿ, ನಾ ಸುಮ್ಮನಿದ್ದೆ."

ಡಯಟಿಷಿಯನ್ ಬರೆಯುವುದನ್ನು ನಿಲ್ಲಿಸಿ ನೋಡಿದಳು. ಚನ್ನಮಲ್ಲಪ್ಪ ಈ ಸಲ ಬೇರೆ ಕಡೆ ನೋಡಲಿಲ್ಲ. "ತಂದಾವ ನಾನು," ಎಂದ.

ಆ ಸಂಜೆ ಜಯದೇವಿ ಕುರ್ಚಿಯಲ್ಲಿ ಕೂತೇ ಮನೆಯವರಿಗೆಲ್ಲ ರೊಟ್ಟಿ ಬಡಿದಳು. ಊಟಕ್ಕೆ ಕೂತಾಗ ಮೊದಲ ಬಾರಿ ಕೋಣೆಗೆ ಹೋಗದೆ ತಾನೂ ಮೇಜಿಗೆ ಬಂದಳು. ತಟ್ಟೆಯ ನಡುವೆ ಎರಡು ಬೆರಳಿನಷ್ಟು ರೊಟ್ಟಿ, ಅದರ ಮೇಲೆ ಒಂದಿಷ್ಟು ಬೇಳೆ. ತುಣುಕು ಮುರಿದು ಎತ್ತಿದಳು. ಗಂಡ ತಿನ್ನುವುದನ್ನು ನಿಲ್ಲಿಸಿದ. ಮಗ ನೀರಿನ ಲೋಟ ಕೈಯಲ್ಲೇ ಹಿಡಿದು ನೋಡತೊಡಗಿದ. ಕೈ ಬಾಯಿಗೂ ಹೋಗದೆ ತಟ್ಟೆಗೂ ಇಳಿಯದೆ ನಡುವೆ ನಿಂತಿತು.

ಅನಘಾ ತನ್ನ ತಟ್ಟೆಗೆ ಪಲ್ಯ ಬಡಿಸಿಕೊಳ್ಳುತ್ತಿದ್ದಳು. ತಲೆ ಎತ್ತದೆ, "ಎಲ್ರೂ ಅವರನ್ನೇ ನೋಡ್ಬೇಡಿ. ಊಟ ಮಾಡಿ," ಎಂದಳು.

ಇಬ್ಬರೂ ತಲೆ ತಗ್ಗಿಸಿದರು. ಜಯದೇವಿ ತುಣುಕನ್ನು ಬಾಯಿಗಿಟ್ಟು, ನಿಧಾನವಾಗಿ ಅಗಿಯತೊಡಗಿದಳು.